ಡ್ರಮ್ಮಿನ ಮೇಲಿನ ನಾಕಾ

ನಮ್ಮ ಮನೆಯ ನೀರಿನ ಡ್ರಮ್ಮಿಗೆ ಮುಚ್ಚಳವಿಲ್ಲ. ಮುಚ್ಚಳದ ಬದಲು ಒಂದು ಬೋರ್ಡಿದೆ. ಹಳದಿ ಬಣ್ಣ ಬಳಿದ ಪ್ಲೈವುಡ್ಡು, ನಡುವೆ ಕೆಂಪು ದುಂಡು, ದುಂಡಿನೊಳಗೆ ಮರಾಠಿಯಲ್ಲಿ ‘ಥಾಂಬಾ’. ನಿಲ್ಲಿ ಅಂತ ಅರ್ಥ. ಕೆಳಗೆ ಸಣ್ಣ ಅಕ್ಷರದಲ್ಲಿ ‘ತಪಾಸಣೆ ನಾಕಾ’ ಅಂತಲೂ ಇದೆ. ರಬಾಳೆಯ ನಮ್ಮ ಚಾಳಿನಲ್ಲಿ ನಲ್ಲಿಗೆ ನೀರು ತನಗೆ ಮನಸ್ಸು ಬಂದಾಗ ಬರುತ್ತದೆ, ಹಾಗಾಗಿ ಡ್ರಮ್ಮೇ ನಮಗೆ ಕೆರೆ, ಡ್ರಮ್ಮೇ ಬಾವಿ. ಹೊಸದಾಗಿ ಮನೆಗೆ ಬಂದವರು ಬೋರ್ಡು ನೋಡಿ ನೀರು ಕೇಳಲು ಹಿಂದೆಮುಂದೆ ನೋಡುತ್ತಾರೆ. ನನಗೆ ಅದೂ ಒಂದು ಅನುಕೂಲವೇ.

ಮೊಮ್ಮಗಳು ಪ್ರಿಯಾಗೆ ಈ ಬೋರ್ಡು ಕಂಡರೆ ನಾಚಿಕೆ. ಕಾಲೇಜಿನ ಗೆಳತಿಯರು ಬರುವ ದಿನ ಅದರ ಮೇಲೆ ಟವೆಲ್ಲು ಹೊದಿಸುತ್ತಾಳೆ. ಮೊನ್ನೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೊರಟಿದ್ದಳು.

“ಅಜ್ಜಿ, ಯೆ ಕಚರಾ ಹೈ. ಫೇಂಕ್ ರಹೀ ಹೂಂ.”

“ಎಸದ್ ನೋಡು. ನಿನ್ನೂ ಅದರ ಹಿಂದ ಎಸಿತೀನಿ,” ಅಂದೆ. ಬೋರ್ಡು ತಿರುಗಿ ಡ್ರಮ್ಮಿನ ಮೇಲೆ ಬಂತು.

ನಾವಿಬ್ಬರೂ ಹೀಗೇ. ಅವಳು ಹಿಂದಿಯಲ್ಲಿ ಅನ್ನುತ್ತಾಳೆ, ನಾನು ಕನ್ನಡದಲ್ಲಿ ಅನ್ನುತ್ತೇನೆ, ಜಗಳ ಮಾತ್ರ ಇಬ್ಬರಿಗೂ ಸರಿಯಾಗಿ ತಿಳಿಯುತ್ತದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೇ ಧೈರ್ಯವಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಕಲಿತದ್ದು ಎರಡನೆಯ ಇಯತ್ತೆ. ಮೂರಕ್ಕೆ ಹೋಗುವಷ್ಟರಲ್ಲಿ ಮನೆಯ ಎಮ್ಮೆ ಈಯಿತು. ಶಾಲೆಗಿಂತ ಎಮ್ಮೆಗೆ ನನ್ನ ಅಗತ್ಯ ಹೆಚ್ಚಿತ್ತು. ಬರಹದಲ್ಲಿ ಒತ್ತಕ್ಷರ ತಪ್ಪಿದ್ದರೆ ಆ ಎಮ್ಮೆಯನ್ನು ಕೇಳಬೇಕು.

ಬೋರ್ಡಿನ ವಿಷಯದಲ್ಲಿ ಇನ್ನೊಂದು ಮಾತಿದೆ. ನನ್ನ ಮಗ ಮಲ್ಲು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಡ್ರಮ್ಮಿನ ಮುಂದೆ ಬಂದು ಒಂದು ಗಳಿಗೆ ನಿಲ್ಲುತ್ತಾನೆ. ನೀರು ಕುಡಿಯಲಿಕ್ಕಲ್ಲ. ಸುಮ್ಮನೆ ನಿಲ್ಲುತ್ತಾನೆ, ಆಮೇಲೆ ಹೋಗುತ್ತಾನೆ. ಯಾಕೆ ನಿಂತೆ ಅಂತ ಕೇಳಿದರೆ ಅವನಿಗೇ ಗೊತ್ತಿರುವುದಿಲ್ಲ.

ಅವನನ್ನು ನೋಡಿದಾಗಲೆಲ್ಲ ನನಗೆ ನಮ್ಮಪ್ಪನ ಎತ್ತು ಬಸ್ಯಾ ನೆನಪಾಗುತ್ತದೆ. ಹೆತ್ತ ಮಗನನ್ನು ನೋಡಿ ಎತ್ತಿನ ನೆನಪಾಗುವುದು ಸರಿಯಲ್ಲ ಅಂತ ಸೊಸೆ ಸಾವಿತ್ರಿ ಅನ್ನುತ್ತಾಳೆ. ಅವಳು ಬಸ್ಯಾನನ್ನು ನೋಡಿಲ್ಲ. ಒಳ್ಳೆಯ ಎತ್ತು ಅದು. ಇಂಡಿ ಕಡೆಯ ನಮ್ಮೂರಿನಿಂದ ಸಂತೆಗೆ ಹೋಗುವ ದಾರಿಯಲ್ಲಿ ಒಂದು ಜಕಾತಿ ಕಟ್ಟೆ ಇತ್ತು. ಮಾಲು ತುಂಬಿದ ಬಂಡಿಗಳೆಲ್ಲ ಅಲ್ಲಿ ನಿಲ್ಲಬೇಕು, ಕಟ್ಟೆಯವನಿಗೆ ಸಲ್ಲಬೇಕಾದದ್ದು ಸಲ್ಲಿಸಬೇಕು. ಅದರ ಮೇಲೆ ಅವನ ಕೈಗೆ ಏನಾದರೂ ಹಿಡಿಸಬೇಕು. ನಮ್ಮಪ್ಪ ಸೌತೆಕಾಯಿ ಹಿಡಿಸುತ್ತಿದ್ದ. ಮುಂದೆ ಜಕಾತಿ ನಿಂತುಹೋಯಿತು, ಕಟ್ಟೆ ಬಿತ್ತು, ಅದರ ಕಲ್ಲುಗಳನ್ನೂ ಯಾರೋ ಒಯ್ದು ಮನೆಗೆ ಮೆಟ್ಟಿಲು ಮಾಡಿಕೊಂಡರು. ಬಸ್ಯಾ ಮಾತ್ರ ಅಲ್ಲಿಗೆ ಬಂದ ಕೂಡಲೇ ನಿಲ್ಲುವುದು ಬಿಡಲಿಲ್ಲ. ಹೊಡೆದರೂ ಹೆಜ್ಜೆ ಕಿತ್ತಿಡುತ್ತಿರಲಿಲ್ಲ. ಒಂದು ಸೌತೆಕಾಯಿ ಕೈಬದಲಾಗುವಷ್ಟು ಹೊತ್ತು ನಿಂತು, ಆಮೇಲೆ ತಾನೇ ಹೊರಡುತ್ತಿತ್ತು. ಅಪ್ಪ ಕೊನೆಕೊನೆಗೆ ಹೊಡೆಯುವುದು ಬಿಟ್ಟು, ಅಲ್ಲಿ ಬಂಡಿ ನಿಂತಾಗ ಸೌತೆಕಾಯಿಯನ್ನು ತಾನೇ ತಿನ್ನುತ್ತ ಕೂರುತ್ತಿದ್ದ. ಬಂಡಿಯ ಹಿಂದೆ ಕೂತ ನನಗೂ ಅರ್ಧ ಸಿಗುತ್ತಿತ್ತು. ನನ್ನ ಬಾಲ್ಯದಲ್ಲಿ ನೆನಪಿಟ್ಟುಕೊಳ್ಳುವಂಥ ಸುಖ ಅದೊಂದೇ, ಅದೂ ಕಹಿ ಇಲ್ಲದ ಸೌತೆಕಾಯಿ ಬಂದ ದಿನ.

ಮಲ್ಲು ಒಂದೇ ಲಾರಿಯ ಮಾಲೀಕ. ಮಾಲೀಕನೂ ಅವನೇ, ಡ್ರೈವರೂ ಅವನೇ, ಟೈರು ಬಿಚ್ಚುವವನೂ ಅವನೇ. ನನ್ನ ಗಂಡ ಸತ್ತ ಮೇಲೆ ಊರಿನ ಜಾಗ ಮಾರಿ, ನನ್ನ ಕೊರಳಿನ ಬೋರಮಾಳ ಮಾರಿ ತಗೊಂಡ ಲಾರಿ. ರಬಾಳೆಯ ಕಾರ್ಖಾನೆಗಳಿಂದ ಭಿವಂಡಿಯ ಗೋದಾಮುಗಳಿಗೆ ಮಾಲು ಸಾಗಿಸುತ್ತದೆ. ಅದು ಓಡಿದ ದಿನ ನಮ್ಮ ಒಲೆ ಉರಿಯುತ್ತದೆ, ನಿಂತ ದಿನ ನಾವು ಒಬ್ಬರ ಮುಖ ಒಬ್ಬರು ನೋಡುತ್ತ ಕೂರುತ್ತೇವೆ. ಲಾರಿಯ ಮೇಲೆ ನನಗೆ ಪ್ರೀತಿಗೀತಿ ಏನಿಲ್ಲ. ಕಬ್ಬಿಣವನ್ನು ಯಾರು ಪ್ರೀತಿಸುತ್ತಾರೆ?

ಮಲ್ಲು ಯಾರ ಕೈಕೆಳಗೂ ಇಲ್ಲ. ಆದರೆ ಯಾರು ಕೈ ಎತ್ತಿದರೂ ನಿಲ್ಲುತ್ತಾನೆ. ಖಾಕಿ ಬೇಕೆಂದೇನಿಲ್ಲ. ಒಮ್ಮೆ ಐರೋಲಿಯ ಹತ್ತಿರ ಯಾರೋ ಒಬ್ಬ ಕಂಕುಳು ತುರಿಸಿಕೊಳ್ಳಲು ಕೈ ಎತ್ತಿದ್ದಕ್ಕೆ ಲಾರಿ ನಿಲ್ಲಿಸಿ, ಇಳಿದು ಹೋಗಿ, ಪೇಪರು ತೋರಿಸಿದನಂತೆ. ಆ ಮನುಷ್ಯ ಎಲ್ಲ ಹಾಳೆ ತಿರುವಿ ನೋಡಿ, ಸರಿ ಇದೆ, ಹೋಗು ಅಂದನಂತೆ. ಮಲ್ಲು ನೆಮ್ಮದಿಯಿಂದ ಮನೆಗೆ ಬಂದು ಇದನ್ನು ನಮಗೆ ಹೇಳಿದ. ‘ಭಾಳ ಛಲೋ ಮನಷ್ಯಾಬೇ, ಏನೂ ತಗೊಳ್ಳಿಲ್ಲ,’ ಅಂದ.

ನಾಕಾದಲ್ಲಿ ಡ್ರೈವರುಗಳು ಕೈ ಬಿಸಿ ಮಾಡುವುದಕ್ಕೆ ಇಲ್ಲಿ ಎಂಟ್ರಿ ಅನ್ನುತ್ತಾರೆ. ಲಂಚ ಅಂತ ಯಾರೂ ಅನ್ನುವುದಿಲ್ಲ. ದೇವಸ್ಥಾನದ ಹುಂಡಿಗೆ ಹಾಕುವುದನ್ನು ನಾವು ಏನಾದರೂ ಅನ್ನುತ್ತೇವೆಯೇ? ಹಾಗೆ.

ಇಂಥ ಮಲ್ಲುವಿನ ಇಂಥ ಲಾರಿಯನ್ನು ಹುಡುಕಿಕೊಂಡು ಬೆಂಗಳೂರಿನಿಂದ ಸಿನಿಮಾದವರು ಬಂದರು. ಕಥೆ ಏನಂದರೆ, ಒಬ್ಬ ಡ್ರೈವರು, ಸ್ವಂತ ಲಾರಿ, ಲಂಚ ಕೊಡುವುದಿಲ್ಲ ಅಂತ ಹಟ. ನಾಕಾದವರೆಲ್ಲ ಸೇರಿ ಅವನಿಗೆ ಹೊಡೆಯುತ್ತಾರೆ, ಅವನು ತಿರುಗಿ ಎಲ್ಲರಿಗೂ ಹೊಡೆಯುತ್ತಾನೆ. ನಡುನಡುವೆ ಒಬ್ಬಳು ಹುಡುಗಿ ಲಾರಿಯ ತಲೆಯ ಮೇಲೆ ಹತ್ತಿ ಕುಣಿಯುತ್ತಾಳೆ. ಡೈರೆಕ್ಟರು ಚಿಕ್ಕ ವಯಸ್ಸಿನವನು, ಗಡ್ಡ ಮಾತ್ರ ಹಿರಿಯರದ್ದು. ನಮ್ಮ ಮನೆಯ ಮಂಚದ ಮೇಲೆ ಕೂತು ಹೇಳಿದ:

“ಅಜ್ಜಿ, ಇದು ತುಂಬಾ ರಿಯಲಿಸ್ಟಿಕ್ ಕಥೆ.”

“ಅಂವ ಎಂಟ್ರಿ ಕೊಡಂಗೇ ಇಲ್ಲ?”

“ಇಲ್ಲ ಅಜ್ಜಿ. ಒಂದ್ ರೂಪಾಯಿನೂ ಕೊಡಲ್ಲ.”

“ಮತ್ತ ಮಾಲು ಹೆಂಗ ಮುಟ್ಟತೈತಿ?”

ಅವನು ಗಡ್ಡ ಕೆರೆದುಕೊಂಡ. “ಮಾಲು ಕಥೆಗೆ ಮುಖ್ಯ ಅಲ್ಲ ಅಜ್ಜಿ,” ಅಂದ.

ಮಾಲು ಮುಖ್ಯವಲ್ಲದ ಲಾರಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೂ ಬಾಡಿಗೆ ಚೆನ್ನಾಗಿತ್ತು, ಹೂಂ ಅಂದೆವು. ಲಾರಿಯ ಹಣೆಯ ಮೇಲಿದ್ದ ‘ಯಲ್ಲಮ್ಮ ಪ್ರಸನ್ನ’ ಅಳಿಸಿ ‘ತಲೆ ಬಾಗಲ್ಲ’ ಎಂದು ಬರೆದರು. ಪಕ್ಕದಲ್ಲಿ ಒಂದು ಗಿಡುಗದ ಚಿತ್ರ. ಅದು ಮೊಟ್ಟೆಗೆ ಕೂತ ಕೋಳಿಯ ಹಾಗೆ ಬಂದಿತ್ತು. ಹೀರೋ ಒಳ್ಳೆಯ ಮನುಷ್ಯ, ತೋಳು ನನ್ನ ಸೊಂಟದಷ್ಟು ದಪ್ಪ, ಆದರೆ ಲಾರಿ ಓಡಿಸಲು ಬರುತ್ತಿರಲಿಲ್ಲ. ಅವನು ಓಡಿಸುವುದು ಗೇರಿಲ್ಲದ ಕಾರಂತೆ. ಅದಕ್ಕೆ ಅವನ ಕೆಂಪು ಅಂಗಿಯನ್ನು ಮಲ್ಲುಗೆ ತೊಡಿಸಿ, ಬೆನ್ನ ಹಿಂದೆ ಪಿನ್ನು ಚುಚ್ಚಿ ಬಿಗಿ ಮಾಡಿ, ಓಡಿಸುವುದನ್ನೆಲ್ಲ ಅವನಿಂದ ಓಡಿಸಿದರು. ಹೊಡೆಯುವವನು ಹೀರೋ, ಓಡಿಸುವವನು ಮಲ್ಲು. ‘ತಲೆ ಬಾಗಲ್ಲ’ ಎಂಬ ಅಕ್ಷರದ ಕೆಳಗೆ ಗಾಜಿನೊಳಗೆ ಬಾಗಿ ಕೂತ ನನ್ನ ಮಗನನ್ನು ನೋಡಿ ನಾನು ಸೆರಗು ಬಾಯಿಗಿಟ್ಟುಕೊಂಡೆ. ಅಳು ಬಂದದ್ದಕ್ಕಲ್ಲ.

ರಬಾಳೆಯ ಕಾರ್ಖಾನೆಗಳ ಹಿಂದೆ, ಗುಡ್ಡದ ಬುಡದಲ್ಲಿ ಒಂದು ಹಳೆಯ ಕಲ್ಲಿನ ಕ್ವಾರಿ ಇದೆ. ಅಲ್ಲಿಗೆ ಹೋಗುವ ರಸ್ತೆಯ ತಿರುವಿನಲ್ಲಿ ಸಿನಿಮಾದವರು ಒಂದು ನಾಕಾ ಕಟ್ಟಿದರು. ಅಡ್ಡಕ್ಕೆ ಬಿದಿರಿನ ಗಳ, ಪಕ್ಕದಲ್ಲಿ ತಗಡಿನ ಶೆಡ್ಡು, ಮುಂದೆ ಹಳದಿ ಬೋರ್ಡು. ಈಗ ನಮ್ಮ ಡ್ರಮ್ಮಿನ ಮೇಲಿರುವುದು ಅದೇ. ನಾಕಾದ ಇನ್‌ಸ್ಪೆಕ್ಟರ್ ವೇಷಕ್ಕೆ ಡೊಂಬಿವಲಿಯಿಂದ ವಾಸು ಶೆಟ್ಟರನ್ನು ಕರೆತಂದಿದ್ದರು. ಉಡುಪಿ ಕಡೆಯವರು, ವರ್ಷಾನುಗಟ್ಟಲೆ ಸ್ವಂತ ಹೋಟೆಲಿನ ಗಲ್ಲಾದ ಮೇಲೆ ಕೂತು ಈಗ ಮಗನಿಗೆ ಬಿಟ್ಟುಕೊಟ್ಟವರು. ರಜೆಯ ದಿನ ಅಲ್ಲಿಯ ಸಂಘದ ಯಕ್ಷಗಾನದಲ್ಲಿ ರಾಕ್ಷಸನ ವೇಷ ಕಟ್ಟುತ್ತಾರೆ. ಹೊಟ್ಟೆ ಮತ್ತು ಮೀಸೆ ಎರಡೂ ಸ್ವಂತದ್ದೇ ಇದ್ದದ್ದರಿಂದ ಸಿನಿಮಾದವರಿಗೆ ಖರ್ಚು ಉಳಿಯಿತು.

ಮೊದಲ ದಿನ ನಾನು ಮಲ್ಲುಗೆ ಬುತ್ತಿ ತಗೊಂಡು ಹೋದಾಗ ಶೆಟ್ಟರು ಶೆಡ್ಡಿನ ಮುಂದೆ ಕೋಲು ಹಿಡಿದು ನಿಂತಿದ್ದರು. ಕ್ಯಾಮೆರಾದವರೆಲ್ಲ ಊಟಕ್ಕೆ ಹೋಗಿದ್ದರು.

“ಎಲ್ಲಿಗೆ? ಬುತ್ತಿಯಲ್ಲಿ ಎಂತ ಉಂಟು, ತೆಗೀರಿ,” ಅಂದರು.

“ರೊಟ್ಟಿ ಐತಿ. ನಿಮ್ಮ ಶೂಟಿಂಗ ಬಂದ್ ಆಗೇತಲ್ಲರಿ ಶೆಟ್ರ, ಕುಂದರ್ರಿ.”

“ಶೂಟಿಂಗ್ ಬಂದ್ ಆದ್ರೆ ನಾನು ಬಂದ್ ಆಗ್ಲಿಕ್ಕೆ ಉಂಟಾ ಅಕ್ಕ? ನಮ್ಮಲ್ಲಿ ವೇಷ ಕಟ್ಟಿದ ಮೇಲೆ ಬಿಚ್ಚುವವರೆಗೆ ಅದೇ. ಕಿರೀಟ ಇಟ್ಕೊಂಡು ಬೀಡಿ ಸೇದಿದ ಒಬ್ಬನಿಗೆ ನಮ್ಮ ಗುರುಗಳು ಬಣ್ಣ ಹಚ್ಚುವ ಚೌಕಿಯಲ್ಲೇ ಬಾರಿಸಿದ್ರು.”

ಹಾಗಾಗಿ ಶೆಟ್ಟರು ಬೆಳಿಗ್ಗೆ ಟೋಪಿ ಇಟ್ಟುಕೊಂಡರೆ ಸಂಜೆ ತೆಗೆಯುವವರೆಗೆ ಇನ್‌ಸ್ಪೆಕ್ಟರು. ಕ್ಯಾಮೆರಾ ಇರಲಿ ಬಿಡಲಿ, ಬಂದ ಗಾಡಿಯನ್ನೆಲ್ಲ ನಿಲ್ಲಿಸಿದರು. ನಿಜವಾದ ಲಾರಿಗಳು ಆ ರಸ್ತೆಯಲ್ಲಿ ಓಡಾಡುತ್ತವೆ ಅಂತ ಸಿನಿಮಾದವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೊದಲು ವಾಶಿಯ ಮಾರ್ಕೆಟ್ಟಿಗೆ ಹೊರಟಿದ್ದ ತರಕಾರಿ ಲಾರಿ ಬಂತು. ಡ್ರೈವರು ಗಳ ನೋಡಿದ, ಟೋಪಿ ನೋಡಿದ, ಹೊಟ್ಟೆ ನೋಡಿದ. ಏನೂ ಕೇಳುವ ಮೊದಲೇ ಇಳಿದು ಬಂದು ಒಂದು ಚೀಲ ಬದನೆಕಾಯಿ ಇಳಿಸಿ, ಸಲಾಮು ಹೊಡೆದು ಹೋದ. ಊಟ ಮುಗಿಸಿ ಬಂದ ಡೈರೆಕ್ಟರು ದೂರದಿಂದ ಇದನ್ನು ನೋಡಿ ಪಕ್ಕದವನಿಗೆ ಕೇಳಿದ:

“ಏನ್ ನ್ಯಾಚುರಲ್ ಆಗಿ ಮಾಡ್ತಾನಪ್ಪ. ಯಾರಿದು ಆರ್ಟಿಸ್ಟು?”

“ಸರ್, ಅವರು ನಮ್ಮವರಲ್ಲ.”

“ನಮ್ಮವರಲ್ವಾ? ನಾಳೆನೂ ಬರೋಕೆ ಹೇಳಿ.”

ಹೇಳುವ ಅಗತ್ಯವಿರಲಿಲ್ಲ. ಮರುದಿನ ಆ ಡ್ರೈವರು ತಾನಾಗಿಯೇ ಬಂದ, ಹಿಂದೆ ಇನ್ನಷ್ಟು ಡ್ರೈವರುಗಳನ್ನೂ ಕರೆತಂದ. ಹೊಸ ನಾಕಾ ಕೂತಿದೆ, ಸಾಹೇಬರು ಬಾಯಿಬಿಟ್ಟು ಕೇಳುವುದಿಲ್ಲ, ಕೊಟ್ಟದ್ದು ತಗೊಳ್ಳುತ್ತಾರೆ ಅಂತ ಮುಂಬ್ರಾದವರೆಗೂ ಸುದ್ದಿ ಹೋಗಿತ್ತು. ಹೂಕೋಸು, ಈರುಳ್ಳಿ, ಸಾಬೂನಿನ ಡಬ್ಬ, ಪ್ಲಾಸ್ಟಿಕ್ಕು ಕುರ್ಚಿ, ಎಲ್ಲ ಶೆಡ್ಡಿನ ಹಿಂದೆ ಗುಡ್ಡೆ ಬಿತ್ತು. ಒಬ್ಬ ಒಂದು ಆಡನ್ನು ಇಳಿಸಿಹೋದ. ಅದನ್ನು ಲೈಟಿನ ಕಂಬಕ್ಕೆ ಕಟ್ಟಿದರೆ, ಹೀರೋ ಕೊನೆಯಲ್ಲಿ ಹೇಳಬೇಕಾಗಿದ್ದ ಮಾತಿನ ಹಾಳೆಗಳನ್ನು ಅದು ತಿಂದು ಮುಗಿಸಿತು. ಬದನೆಕಾಯಿ ಹಾಳಾಗುತ್ತವಲ್ಲ ಅಂತ ನಾನು ಅಲ್ಲೇ ಒಲೆ ಹೂಡಿ ಎಣ್ಣೆಗಾಯಿ ಮಾಡಿದೆ. ಲಂಚ ವಿರೋಧಿಸುವ ಸಿನಿಮಾದವರು ಲಂಚದ ಬದನೆಕಾಯಿಯನ್ನು ಬೆರಳು ಚೀಪಿ ತಿಂದರು. ಹೀರೋ ಎರಡನೆಯ ಸಲ ಹಾಕಿಸಿಕೊಂಡ.

ಸಂಜೆ ಮೋಟರ್‌ಸೈಕಲ್ಲಿನ ಮೇಲೆ ಯಾರೋ ಒಬ್ಬ ನಿಜವಾದ ಸಾಹೇಬ ಬಂದ. ಯಾವ ಇಲಾಖೆಯವನೋ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ತನಗೆ ತಿಳಿಸದೆ ತನ್ನ ರಸ್ತೆಯಲ್ಲಿ ಬೇರೆ ನಾಕಾ ಹೇಗೆ ಬಂತು ಅಂತ ಅವನ ಚಿಂತೆ. ಬಾಯಿ ತೆರೆಯುವ ಮೊದಲೇ ಶೆಟ್ಟರು ಕೋಲು ಅಡ್ಡ ಹಿಡಿದು, “ಹೆಲ್ಮೆಟ್ ಎಲ್ಲಿ?” ಅಂದರು. ಅವನು ತಲೆ ಮುಟ್ಟಿ ನೋಡಿಕೊಂಡ. “ಸಾರಿ ಸರ್, ಜಲ್ದಿ ಮೇಂ ಥಾ,” ಅಂದು ಗಾಡಿ ತಿರುಗಿಸಿಕೊಂಡು ಹೋದ. ಮತ್ತೆ ಬರಲಿಲ್ಲ.

ಇಲ್ಲಿಯವರೆಗೆ ನಕ್ಕದ್ದಾಯಿತು. ಕೊನೆಯ ದಿನ ನನ್ನ ನಗು ನಿಂತಿತು.

ಸಿನಿಮಾದ ಕೊನೆಗೆ ಲಾರಿ ನಾಕಾದ ಗಳವನ್ನು ಮುರಿದುಕೊಂಡು, ನಿಲ್ಲದೆ ಓಡಿ, ಕ್ವಾರಿಯ ಅಂಚಿನಿಂದ ಕೆಳಗೆ ಬೀಳಬೇಕು. ಹೀರೋ ಅಷ್ಟರಲ್ಲಿ ಹಾರಿಕೊಂಡು ಬದುಕಬೇಕು. ಬೀಳಿಸುವುದಕ್ಕೆ ನಮ್ಮ ಲಾರಿಯ ಹಾಗೆಯೇ ಬಣ್ಣ ಬಳಿದ ಒಂದು ಗುಜರಿ ಲಾರಿಯನ್ನು ಕಲ್ಯಾಣದಿಂದ ಟ್ರೇಲರಿನ ಮೇಲೆ ಹೇರಿಕೊಂಡು ಬರುವುದು ಅಂತ ಮೊದಲೇ ಮಾತಾಗಿತ್ತು. ಅದು ದಾರಿಯ ಒಂದು ನಿಜವಾದ ನಾಕಾದಲ್ಲಿ ಸಿಕ್ಕಿಬಿದ್ದಿತು. ಸತ್ತ ಲಾರಿಗೆ ಫಿಟ್ನೆಸ್ ಸರ್ಟಿಫಿಕೇಟು ಎಲ್ಲಿ ಅಂತ ಅಲ್ಲಿಯವರು ಹಿಡಿದರು. ಎಂಟ್ರಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಟ್ರೇಲರಿನ ಡ್ರೈವರು ಹಿಂದಿನ ಎರಡು ದಿನ ಶೂಟಿಂಗಿನಲ್ಲೇ ಇದ್ದವನು, ಹೀರೋನ ಮಾತು ಕೇಳಿ ಕೇಳಿ ತಲೆಗೇರಿತ್ತು. ಕೊಡುವುದಿಲ್ಲ, ಏನು ಮಾಡ್ಕೋತೀರೋ ಮಾಡ್ಕೊಳ್ಳಿ ಅಂದುಬಿಟ್ಟ. ಆ ಸಿನಿಮಾ ನೋಡಿ ತಿದ್ದಿಕೊಂಡ ಮನುಷ್ಯ ಲೋಕದಲ್ಲಿ ಅವನೊಬ್ಬನೇ. ಅವನು ತಿದ್ದಿಕೊಂಡ ದಿನ ನಮ್ಮ ಕುತ್ತಿಗೆಗೆ ಬಂತು.

ಹೀರೋ ಆ ಸಂಜೆಯೇ ಬೇರೆ ಊರಿಗೆ ಹೋಗಬೇಕು. ಕ್ವಾರಿಯ ಪರವಾನಗಿಯೂ ಅಂದಿಗೇ ಮುಗಿಯುತ್ತದೆ. ಮಧ್ಯಾಹ್ನ ಡೈರೆಕ್ಟರು ಮಲ್ಲುವಿನ ಹೆಗಲ ಮೇಲೆ ಕೈ ಹಾಕಿಕೊಂಡು ದೂರ ನಡೆಸಿಕೊಂಡು ಹೋದ. ತಿರುಗಿ ಬಂದ ಮಲ್ಲುವಿನ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು.

“ಏನಂದೀ?”

“ಹೂಂ ಅಂದ್ನಿಬೇ ಯವ್ವಾ.”

“ನಮ್ಮ ಗಾಡಿ ಕೆಡವಾಕ ಹೂಂ ಅಂದಿ?”

“ಇದರಕಿಂತ ಛಲೋ ಗಾಡಿ ಕೊಡಸ್ತೀವಿ ಅಂದಾರ. ಸಿನಿಮಾ ರಿಲೀಸ್ ಆದಮ್ಯಾಲ.”

“ಅಲ್ಲೀತನಕ ಏನ್ ಮಾಡ್ತಿ? ಭಿವಂಡಿಗೆ ಮಾಲು ತಲಿ ಮ್ಯಾಲ ಹೊತಗೊಂಡು ಹೊಕ್ಕೀ?”

“ಅವರು ಕೈ ಮುಗದು ಕೇಳಿದ್ರಬೇ. ಹೆಂಗ ಇಲ್ಲ ಅನ್ನೂದು?”

ಕೈ ಎತ್ತಿದರೆ ನಿಲ್ಲುವವನು ಕೈ ಮುಗಿದರೆ ಏನಾಗಬೇಡ. ನಾನೇ ಡೈರೆಕ್ಟರ ಹತ್ತಿರ ಹೋದೆ. ಲಾರಿ ಬಿದ್ದರೆ ನಾಳೆ ನಮ್ಮ ಮನೆಯಲ್ಲಿ ಒಲೆ ಹತ್ತುವುದಿಲ್ಲ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನ ಕಣ್ಣು ಒದ್ದೆಯಾದವು. “ಅಜ್ಜಿ, ಈ ಎಮೋಷನ್ನೇ ನನಗೆ ಬೇಕಿತ್ತು,” ಅಂದ. ಆಮೇಲೆ ಯಾರನ್ನೋ ಕರೆದು, “ಅಜ್ಜಿಗೆ ಟೀ ಕೊಡ್ರೋ,” ಅಂದ.

ಟೀ ಕುಡಿದೆ. ಸಿಟ್ಟಿಗೆ ಟೀ ಬಿಡುವ ವಯಸ್ಸು ನನ್ನದಲ್ಲ. ಕುಡಿಯುತ್ತ ಯೋಚಿಸಿದೆ. ಲಾರಿಯ ಪೇಪರು ಮಗನ ಹೆಸರಿನಲ್ಲಿದೆ, ನನ್ನ ಮಾತಿಗೆ ಬೆಲೆಯಿಲ್ಲ. ಅಡ್ಡ ಮಲಗಿದರೆ ಎತ್ತಿ ಬದಿಗಿಡುತ್ತಾರೆ, ಬೇಕಾದರೆ ಅದನ್ನೂ ಸಿನಿಮಾಕ್ಕೆ ಹಿಡಿದುಕೊಳ್ಳುತ್ತಾರೆ. ಕ್ವಾರಿಯ ದಾರಿಯಲ್ಲಿ ಇರುವುದು ಒಂದೇ ಅಡೆತಡೆ, ಅದು ಸುಳ್ಳು ನಾಕಾ. ಆಗ ನನಗೆ ಬಸ್ಯಾ ನೆನಪಾದ. ಕಟ್ಟೆ ಇಲ್ಲದಿದ್ದರೂ ಕಟ್ಟೆಯ ಹತ್ತಿರ ನಿಲ್ಲುವ ಬಸ್ಯಾ.

ಬುತ್ತಿ ಗಂಟು ಎತ್ತಿಕೊಂಡು ಶೆಡ್ಡಿನ ಹಿಂದೆ ಹೋದೆ. ಶೆಟ್ಟರು ಪ್ಲಾಸ್ಟಿಕ್ಕು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಟೋಪಿ ತಲೆಯ ಮೇಲೆಯೇ ಇತ್ತು.

“ಸಾಹೇಬ್ರ,” ಅಂದೆ. ಶೆಟ್ರ ಅನ್ನಲಿಲ್ಲ. “ಒಂದ್ ಗಾಡಿ ಹಿಡೀಬೇಕಾಗಿತ್ತು.”

“ಯಾವುದು?”

“ನಮ್ದೇ. ತಲೆ ಬಾಗಲ್ಲ ಅಂತ ಬರದೈತಲ್ಲ, ಅದು. ನಿಮಗ ಹಾರಿ ಬದಿಗಿ ಸರೀರಿ ಅಂತ ಹೇಳ್ಯಾರ. ನೀವು ಸರೀಬ್ಯಾಡ್ರಿ. ಬರೇ ಕೈ ಎತ್ತರಿ. ಹೊತ್ತು ಮುಳುಗೂತನಕ.”

ಅವರು ಮೀಸೆಯ ತುದಿ ತಿರುವಿದರು. “ಗಾಡಿ ಬಿಡ್ಲಿಕ್ಕೆ ತಗೊಳ್ಳುವುದು ಗೊತ್ತುಂಟು. ಹಿಡೀಲಿಕ್ಕೆ ತಗೊಳ್ಳುವುದು ಯಾವ ಪದ್ಧತಿ ಅಕ್ಕ?”

“ಅದಕ್ಕೂ ಒಂದು ರೇಟ್ ಇರ್ತೈತ್ರಿ. ತಗೊಳ್ಳಾರ್ದ ಹಂಗೇ ಹಿಡದ್ರ ನೀವು ಎಂಥಾ ಇನ್‌ಸ್ಪೆಕ್ಟರು?”

ಈ ಮಾತು ಅವರಿಗೆ ನಾಟಿತು. “ಅದು ಹೌದು. ಸುಮ್ನೆ ಹಿಡಿದ್ರೆ ಪಾತ್ರ ಕೆಡ್ತದೆ. ಈ ಮನುಷ್ಯ ತಿನ್ನುವವನು. ತಿಂದೇ ಹಿಡೀಬೇಕು,” ಅಂದು ಕೈ ಚಾಚಿದರು. ನಾನು ಗಂಟು ಬಿಚ್ಚಿದೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ.

ಅವರು ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದರು. ಟಕ್ ಟಕ್ ಅಂದಿತು. “ಇದು ತಿನ್ನುವುದಾ, ಮನೆಯ ಮಾಡಿಗೆ ಹೊದಿಸುವುದಾ ಮಾರಾಯ್ರೆ?”

“ಅಗೀರಿ. ಗಡಬಡಿಸಬ್ಯಾಡ್ರಿ. ಹಲ್ಲು ಅದಾವಲ್ಲ?”

“ಹಲ್ಲು ಉಂಟು. ಎಷ್ಟು ಹೊತ್ತು ಇರ್ತಾವೆ ನೋಡ್ವ,” ಅಂದು ಮುರಿದು ಬಾಯಿಗಿಟ್ಟರು.

ಬಿಸಿಲು ಇಳಿಯುತ್ತಿರುವಾಗ ಕ್ಯಾಮೆರಾಗಳನ್ನು ಹೂಡಿದರು. ಒಂದು ನಾಕಾದ ಹತ್ತಿರ, ಒಂದು ಕ್ವಾರಿಯ ಅಂಚಿನಲ್ಲಿ, ಒಂದು ಆಕಾಶದಲ್ಲಿ ಹಾರುವಂಥದ್ದು. ಮಲ್ಲು ಕೆಂಪು ಅಂಗಿ ತೊಟ್ಟು ಲಾರಿ ಹತ್ತಿದ. ಗಳ ಮುರಿದು ಹೋಗಿ, ಅಂಚಿನ ಹತ್ತಿರ ಹಾಕಿದ್ದ ಸುಣ್ಣದ ಗೆರೆಯ ಬಳಿ ಹಾರಿಕೊಳ್ಳಬೇಕು, ಲಾರಿ ಮುಂದೆ ಹೋಗಿ ಬೀಳುತ್ತದೆ. ಡೈರೆಕ್ಟರು ಕೂಗಿದ. ಲಾರಿ ಧೂಳೆಬ್ಬಿಸುತ್ತ ಬಂತು. ನಿಜ ಹೇಳಬೇಕೆಂದರೆ ನೋಡಲು ಚೆನ್ನಾಗಿತ್ತು. ಗಿಡುಗ ಕೂಡ ದೂರದಿಂದ ಗಿಡುಗದ ಹಾಗೆಯೇ ಕಂಡಿತು.

ಶೆಟ್ಟರು ರಸ್ತೆಯ ನಡುವೆ ಬಂದು ನಿಂತರು. ದವಡೆ ಆಡುತ್ತಲೇ ಇತ್ತು. ಬಲಗೈ ಎತ್ತಿದರು.

ಲಾರಿ ಬ್ರೇಕು ಕಿರುಚಿಕೊಂಡು ಗಳದ ಈಚೆಯೇ ನಿಂತಿತು. ಮಲ್ಲು ಕಿಟಕಿಯಿಂದ ತಲೆ ಹೊರಹಾಕಿ, “ನಮಸ್ಕಾರ್ರಿ ಸಾಹೇಬ್ರ,” ಅಂದ.

“ಕಟ್,” ಅಂತ ಡೈರೆಕ್ಟರು ಕೂಗಿದ. “ಮಲ್ಲಪ್ಪ, ಯಾಕ್ ನಿಲ್ಸಿದ್ರಿ?”

“ಕೈ ಎತ್ತಿದ್ರಲ್ಲರಿ.”

“ಅದು ಸುಳ್ಳು ಕೈ ಕಣ್ರೀ. ಅವರು ಆರ್ಟಿಸ್ಟು. ಶೆಟ್ರೇ, ನೀವು ಸೈಡಿಗೆ ಹಾರಬೇಕು.”

“ಹಾರುವುದು ಹೇಗೆ ಸರ್? ಕರ್ತವ್ಯದ ಮೇಲೆ ಇದ್ದೇನೆ,” ಅಂದರು ಶೆಟ್ಟರು. ಬಾಯಲ್ಲಿ ರೊಟ್ಟಿ ಇದ್ದದ್ದರಿಂದ ಅರ್ಧ ಯಾರಿಗೂ ತಿಳಿಯಲಿಲ್ಲ.

ಲಾರಿಯನ್ನು ಹಿಂದಕ್ಕೆ ಒಯ್ದರು. ತಿರುಗಿ ಬಿಟ್ಟರು. ತಿರುಗಿ ನಿಂತಿತು. ಈ ಸಲ ಮಲ್ಲು ಇಳಿದೇ ಬಂದು ಪೇಪರಿನ ಚೀಲ ಬಿಚ್ಚಿದ. ಶೆಟ್ಟರು ಒಂದೊಂದೇ ಹಾಳೆ ತಿರುವಿ, ಇನ್ಶೂರೆನ್ಸಿನ ತಾರೀಕನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಡೈರೆಕ್ಟರು ಮಲ್ಲುಗೆ ಕಣ್ಣು ಮುಚ್ಚಿಕೊಂಡು ಬಾ ಅಂದ. ಕಣ್ಣು ಮುಚ್ಚಿದರೆ ಶೆಟ್ಟರು ಸೀಟಿ ಊದಿದರು, ಕಿವಿಗೆ ಬಿದ್ದ ಕೂಡಲೇ ಅವನ ಕಾಲು ತಾನೇ ಬ್ರೇಕಿನ ಮೇಲೆ ಹೋಯಿತು. ಶೆಟ್ಟರನ್ನು ಹಿಡಿದು ಬದಿಗೆ ಕೂರಿಸಿದರು. ಲಾರಿ ಹತ್ತಿರ ಬಂದಾಗ ಅವರು ಕೂತಲ್ಲಿಂದಲೇ ಕೈ ಎತ್ತಿದರು. ಅದೂ ಸಾಕಾಯಿತು. ಬೇರೆ ಡ್ರೈವರು ಯಾರಾದರೂ ಇದ್ದಾರೆಯೇ ಅಂತ ಕೇಳಿದರು. ಸುತ್ತ ನಿಂತು ನೋಡುತ್ತಿದ್ದ ಡ್ರೈವರುಗಳೆಲ್ಲ, ಆ ಸಾಹೇಬರ ನಾಕಾ ಮುರಿಯುವುದಾ, ನಾಳೆ ಇದೇ ರಸ್ತೆಯಲ್ಲಿ ನಾವು ಓಡಾಡಬೇಕು ಅಂತ ಹಿಂದೆ ಸರಿದರು. ಕೊನೆಗೆ ಹೀರೋ ತಾನೇ ಹತ್ತಿದ. ಗೇರು ಹಾಕಿದ. ಲಾರಿ ಹಿಂದಕ್ಕೆ ಹೋಗಿ ಟೀ ಅಂಗಡಿಯ ಬೆಂಚಿಗೆ ತಾಗಿ ನಿಂತಿತು.

ನಾನು ಕಲ್ಲಿನ ಮೇಲೆ ಕೂತು ಸೂರ್ಯನನ್ನು ನೋಡುತ್ತಿದ್ದೆ. ಅಷ್ಟು ಭಕ್ತಿಯಿಂದ ಸೂರ್ಯನನ್ನು ಸಂಕ್ರಾಂತಿಯ ದಿನವೂ ನೋಡಿದವಳಲ್ಲ. ಅವನು ಕಾರ್ಖಾನೆಗಳ ಹಿಂದೆ ಅರ್ಧ ಇಳಿದಾಗ ಕ್ಯಾಮೆರಾದವನು, “ಸರ್, ಲೈಟ್ ಹೋಯ್ತು,” ಅಂದ. ಡೈರೆಕ್ಟರು ನೆಲದ ಮೇಲೆ ಕೂತ.

“ಸರಿ. ಲಾರಿ ಬೀಳಲ್ಲ,” ಅಂದ. “ನಿಲ್ಲುತ್ತೆ. ಹೀರೋ ಇಳಿದು ಬಂದು ಮಾತಾಡ್ತಾನೆ. ಅದೇ ಕ್ಲೈಮ್ಯಾಕ್ಸು. ಇರೋ ಬೆಳಕಲ್ಲಿ ಹೊಡೀರಿ.”

ಮಾತಿನ ಹಾಳೆಗಳನ್ನು ಆಡು ತಿಂದಿತ್ತಲ್ಲ, ಹೀರೋ ಬಾಯಿಗೆ ಬಂದದ್ದು ಹೇಳಿದ. ಆ ಬೆಳಕಿನಲ್ಲಿ ಎಲ್ಲರ ಮುಖವೂ ತಾಮ್ರದ ತಂಬಿಗೆಯ ಹಾಗೆ ಕಾಣುತ್ತಿತ್ತು. ಮುಗಿದ ಮೇಲೆ ಶೆಟ್ಟರು ಟೋಪಿ ತೆಗೆದು, ಕಣ್ಣಿಗೊತ್ತಿಕೊಂಡು, ನನ್ನ ಹತ್ತಿರ ಬಂದರು. ಕೈಯಲ್ಲಿ ಬೋರ್ಡಿತ್ತು.

“ನನ್ನ ಕೆಳದವಡೆ ಈಗ ನನ್ನದಲ್ಲ ಅಕ್ಕ,” ಅಂದರು. “ಇದನ್ನು ಅವರು ಬಿಸಾಡ್ತಾರಂತೆ. ಒಳ್ಳೆ ಪ್ಲೈವುಡ್, ನಿಮ್ಮ ಮನೆಗೆ ಎಂತಕ್ಕಾದ್ರೂ ಆಗ್ತದೆ.”

ಹಾಗೆ ನಮ್ಮ ಡ್ರಮ್ಮಿಗೆ ಮುಚ್ಚಳ ಬಂತು. ಮಲ್ಲುಗೆ ನಾನು ಏನೂ ಹೇಳಲಿಲ್ಲ. ಅವನು ಬಹಳ ದಿನ ತಲೆ ತಗ್ಗಿಸಿಕೊಂಡು ತಿರುಗಿದ, ತನ್ನಿಂದ ಒಂದು ದೊಡ್ಡ ಸೀನು ಕೆಟ್ಟಿತು ಅಂತ. ತಲೆ ತಗ್ಗಿಸಿಕೊಂಡೇ ಭಿವಂಡಿಗೆ ಮಾಲು ಮುಟ್ಟಿಸಿದ. ಲಾರಿಯ ಹಣೆಯ ಮೇಲಿನ ಅಕ್ಷರ ಅಳಿಸಲು ಪುರುಸೊತ್ತಾಗಿಲ್ಲ. ಈಗ ನಾಕಾದವರು ಸಿನಿಮಾ ಗಾಡಿ ಅಂತ ಗುರುತು ಹಿಡಿಯುತ್ತಾರಂತೆ. ಮೊದಲು ಎಂಟ್ರಿ ಕೊಟ್ಟರೆ ಸಾಕಿತ್ತು, ಈಗ ಜೊತೆಗೆ ನಿಂತು ಸೆಲ್ಫಿಯನ್ನೂ ಕೊಡಬೇಕು.

ಸಿನಿಮಾ ಬಂದಾಗ ಕಲ್ಯಾಣದ ಒಂದು ಥಿಯೇಟರಿನಲ್ಲಿ ಬೆಳಗಿನ ಆಟ ಹಾಕಿದರು. ಎಲ್ಲರೂ ಲಾರಿಯಲ್ಲೇ ಹೋದೆವು. ಅದನ್ನು ಎಲ್ಲಿ ನಿಲ್ಲಿಸುವುದು ಅಂತ ಥಿಯೇಟರಿನ ಕಾವಲುಗಾರ ಗಲಾಟೆ ಮಾಡಿದ. ಹಣೆಯ ಮೇಲಿನ ಗಿಡುಗ ನೋಡಿ, ಪೋಸ್ಟರು ನೋಡಿ, ಬಾಗಿಲ ಮುಂದೆಯೇ ನಿಲ್ಲಿಸಲು ಬಿಟ್ಟ. ಒಳಗೆ ನನ್ನ ಒಂದು ಕಡೆ ಮಲ್ಲು, ಇನ್ನೊಂದು ಕಡೆ ಪ್ರಿಯಾ. ಮೂರು ತಾಸಿನಲ್ಲಿ ಮಲ್ಲು ಕಂಡದ್ದು ಒಂದು ಮೊಣಕೈ, ಅರ್ಧ ಕಿವಿ. ಸಾವಿತ್ರಿ ಮೊಣಕೈ ಬಂದಾಗಲೆಲ್ಲ ಪಕ್ಕದ ಅಪರಿಚಿತರಿಗೆ ತೋರಿಸುತ್ತಿದ್ದಳು.

ಕೊನೆಯ ಸೀನು ಬಂತು. ಧೂಳು, ಲಾರಿ, ನಾಕಾ. ಪರದೆಯ ಮೇಲೆ ವಾಸು ಶೆಟ್ಟರು ಕೈ ಎತ್ತಿದರು. ನನ್ನ ಪಕ್ಕದಲ್ಲಿ ಮಲ್ಲುವಿನ ಬಲಗಾಲು ನೆಲವನ್ನು ಒತ್ತಿ ಹಿಡಿಯಿತು. ಹೀರೋ ಇಳಿದು ಬಂದು, ಎಲ್ಲಿಯವರೆಗೆ ಕೊಡುವವರು ಇರುತ್ತಾರೋ ಅಲ್ಲಿಯವರೆಗೆ ತಿನ್ನುವವರೂ ಇರುತ್ತಾರೆ ಅಂತ ಶುರು ಮಾಡಿದ. ಜನ ಸೀಟಿ ಹೊಡೆದರು. ಅವನ ಹೆಗಲ ಹಿಂದೆ, ತಾಮ್ರದ ಬೆಳಕಿನಲ್ಲಿ, ಇನ್‌ಸ್ಪೆಕ್ಟರು ತಪ್ಪಿತಸ್ಥನ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ದವಡೆ ಮಾತ್ರ ಮೆಲ್ಲಗೆ, ಬಿಡದೆ ಆಡುತ್ತಿತ್ತು.

ಪ್ರಿಯಾ ಆ ದವಡೆಯನ್ನೇ ನೋಡುತ್ತ ನನ್ನ ಕಿವಿಗೆ ಬಾಗಿದಳು. “ಅಜ್ಜಿ, ವೋ ಪೀಛೇ ಖಡಾ ಹೋಕೆ ಕ್ಯಾ ಖಾ ರಹಾ ಹೈ?”

“ಲಂಚ,” ಅಂದೆ.

ಮಲ್ಲುವಿನ ಕಾಲು ನೆಲದಿಂದ ಎದ್ದಿತು. ನಿಧಾನವಾಗಿ ನನ್ನ ಕಡೆ ತಿರುಗಿದ. “ಯಾರ್ ಕೊಟ್ಟಿದ್ದಬೇ ಯವ್ವಾ?”

“ಸುಮ್ಕ ಸಿನಿಮಾ ನೋಡು,” ಅಂದೆ.

ಹೀರೋ ಅಷ್ಟು ದೊಡ್ಡ ಪರದೆಯ ಮೇಲಿಂದ ನೇರ ನನ್ನ ಕಡೆಗೇ ಬೆರಳು ತೋರಿಸಿ ಮಾತಾಡುತ್ತಿದ್ದ. ನಾನೂ ಅವನನ್ನೇ ನೋಡಿದೆ. ಆಟ ಮುಗಿದಾಗ ಬಾಗಿಲ ಮುಂದೆ ಲಾರಿ ನಿಂತಿತ್ತು. ಅದರಲ್ಲೇ ಮನೆಗೆ ಬಂದೆವು.